ಬೋಸಯ್ಯನ ಸರದಿ

ಬೇವಿನಕೋಟೆಯ ಬಸ್ ನಿಲ್ದಾಣದಿಂದ ಹಳೆಯ ಕೋಟೆಯ ಕಡೆಗೆ ನಡೆದರೆ, ಕಂದಕ ಮುಚ್ಚಿ ಮಾಡಿದ ರಸ್ತೆಯ ಎಡಕ್ಕೆ ಪುರಸಭೆಯ ಉದ್ಯಾನ ಸಿಗುತ್ತದೆ. ಗೇಟಿನ ಮೇಲೆ ‘ಸಾರ್ವಜನಿಕ ಉದ್ಯಾನ ಮತ್ತು ಆಟದ ಮೈದಾನ’ ಎಂಬ ಫಲಕವಿದೆ. ಆ ಹೆಸರನ್ನು ಹೇಳಿದರೆ ಊರಿನ ಆಟೋದವನು ನಿಮ್ಮ ಮುಖವನ್ನೇ ನೋಡುತ್ತಾನೆ. ‘ಬೋಸಯ್ಯನ ಸರದಿ’ ಎಂದರೆ ಮರುಮಾತಿಲ್ಲದೆ ಕರೆತರುತ್ತಾನೆ. ಬೆಳಿಗ್ಗೆ ಇಲ್ಲಿ ಸಕ್ಕರೆ ಕಾಯಿಲೆಯ ಹಿರಿಯರು ಸುತ್ತು ಹಾಕುತ್ತಾರೆ, ಬೇವಿನ ಮರಗಳ ಕೆಳಗೆ ಯೋಗದ ತರಗತಿ ನಡೆಯುತ್ತದೆ, ಸಂಜೆ ಹೆಣ್ಣುಮಕ್ಕಳ ಖೋ ಖೋ, ಹುಡುಗರ ವಾಲಿಬಾಲ್. ಯಾರಿಗೆ ಯಾವ ಹೊತ್ತು, ಯಾವ ಮೂಲೆ ಎಂಬುದನ್ನು ಗೊತ್ತುಮಾಡಲು ಪುರಸಭೆಯಲ್ಲಿ ಒಂದು ಸಮಿತಿಯಿದೆ, ಸಮಿತಿಯ ಮೇಲೊಂದು ಉಪಸಮಿತಿಯಿದೆ. ಆದರೂ ವಾರಕ್ಕೊಮ್ಮೆ ಜಗಳ ತಪ್ಪಿದ್ದಲ್ಲ. ಹಿಂದೆ ಈ ಕೆಲಸವನ್ನೆಲ್ಲ ಒಬ್ಬನೇ ಮಾಡುತ್ತಿದ್ದನು, ಅವನನ್ನು ಬಯಲುಗಾರನೆಂದು ಕರೆಯುತ್ತಿದ್ದರು ಎನ್ನುತ್ತಾರೆ.

ಅದು ಪಾಳೆಯಗಾರರ ಕಾಲ, ಈ ಉದ್ಯಾನ ಆಗ ಊರ ಬಯಲು. ಬಯಲುಗಾರಿಕೆ ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದ ಕಾಯಕ. ನಸುಕಿನಲ್ಲಿ ಗರಡಿಯ ಮಣ್ಣನ್ನು ಹದಮಾಡಿ ಪೈಲ್ವಾನರಿಗೆ ಬಿಟ್ಟುಕೊಡಬೇಕು. ಬಿಸಿಲೇರಿದ ಮೇಲೆ ಬೇವಿನ ಸಸಿಗಳಿಗೆ ನೀರು ಹೊರಬೇಕು, ದನಗಳನ್ನು ಅಟ್ಟಬೇಕು. ಇಳಿಹೊತ್ತು ಮಕ್ಕಳದು, ಹುಣ್ಣಿಮೆಯ ರಾತ್ರಿ ಹೆಂಗಸರ ಕೋಲಾಟದ್ದು. ಇಷ್ಟಕ್ಕೆ ಸುಗ್ಗಿಯಲ್ಲಿ ಮನೆಗೊಂದು ಮೊರ ಜೋಳ, ವರ್ಷವಿಡೀ ಜಗಳವಾಡಿದ ಎರಡೂ ಕಡೆಯವರ ಬೈಗುಳ. ನಮ್ಮ ಕಥೆಯ ಕಾಲಕ್ಕೆ ಈ ಕಾಯಕದಲ್ಲಿದ್ದವನು ಗಾದ್ರಪ್ಪ. ಎಲುಬು ಚರ್ಮದ ಆಳು, ಗಂಟಲು ಮಾತ್ರ ಕಹಳೆ. ಆ ಗಂಟಲು ಅವನಿಗೆ ಬೇಕಾಗಿಯೂ ಇತ್ತು, ಏಕೆಂದರೆ ಬಯಲುಗಾರನ ಕೆಲಸಗಳಲ್ಲೆಲ್ಲ ಮುಖ್ಯವಾದುದು ಬಾಕಿ ಕೂಗುವುದು. ಚಿನ್ನಿದಾಂಡು ಆಡುವಾಗ ಒಬ್ಬ ತನ್ನ ಪಾಲಿನ ಹೊಡೆತಗಳನ್ನೆಲ್ಲ ಹೊಡೆದು, ಎದುರಾಳಿಗೆ ಹೊಡೆಯುವ ಸರದಿ ಬರುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿಬಿಡುತ್ತದೆ. ಆಟ ಅರ್ಧಕ್ಕೆ ನಿಲ್ಲುತ್ತದೆ. ಆಗ ಬಯಲುಗಾರ ನಡುಬಯಲಿನಲ್ಲಿ ನಿಂತು, ಇಂಥವನಿಗೆ ಇಂಥವನಿಂದ ಸರದಿ ಬಾಕಿ ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದನು. ಆ ಸರದಿ ಕೊಟ್ಟು ತೀರಿಸುವ ತನಕ ಬಾಕಿದಾರನು ಬಯಲಿನಲ್ಲಿ ಹೊಸ ಗೆರೆ ಎಳೆಯುವಂತಿರಲಿಲ್ಲ, ಹೊಸ ಗುಳಿ ತೋಡುವಂತಿರಲಿಲ್ಲ. ತೂಕದಲ್ಲಿ ಮೋಸ ಮಾಡುವ ವರ್ತಕರೂ ಈ ಒಂದು ನಿಯಮಕ್ಕೆ ತಪ್ಪುತ್ತಿರಲಿಲ್ಲವಂತೆ. ಚಿಕ್ಕಂದಿನಲ್ಲಿ ಮೈಗೆ ಹತ್ತಿದ್ದು ಸುಲಭವಾಗಿ ಬಿಡುವುದಿಲ್ಲ.

ಗಾದ್ರಪ್ಪನಿಗೆ ಬೋಸಯ್ಯನೆಂಬ ಒಬ್ಬನೇ ಮಗ. ಅವನ ಓರಗೆಯವನು ಪಾಳೆಯಗಾರನ ಮಗ ಜಂಪಣ್ಣ. ದೊರೆಮಗನಾದರೂ ಜಂಪಣ್ಣ ಬಯಲಿಗೆ ಬಂದು ಎಲ್ಲರ ಜೊತೆ ಮಣ್ಣಾಗುತ್ತಿದ್ದ, ಸೋತರೆ ಎಲ್ಲರಂತೆಯೇ ತಂಟೆ ತೆಗೆಯುತ್ತಿದ್ದ. ಒಂದು ದಿನ ಅವನು ಮಧ್ಯಾಹ್ನವೆಲ್ಲ ಚಿನ್ನಿಯನ್ನು ಕೋಟೆಗೋಡೆಯವರೆಗೆ ಚಿಮ್ಮುತ್ತಲೇ ಇದ್ದ, ಬೋಸಯ್ಯ ಓಡಿ ಓಡಿ ಹೆಕ್ಕಿ ತರುತ್ತಲೇ ಇದ್ದ. ಕೊನೆಗೊಮ್ಮೆ ಜಂಪಣ್ಣ ಔಟಾದ. ಬೋಸಯ್ಯ ಅಂಗೈಗೆ ಉಗುಳಿಕೊಂಡು ದಾಂಡು ಹಿಡಿಯುವಷ್ಟರಲ್ಲಿ ಅರಮನೆಯಿಂದ ಪಲ್ಲಕ್ಕಿ ಬಂತು. ಜಂಪಣ್ಣನ ತಂದೆ, ಹಳೆಯ ನಾಯಕ ತೀರಿಕೊಂಡಿದ್ದನು. ಪಲ್ಲಕ್ಕಿ ಹತ್ತಿ ಹೋದ ಹುಡುಗ ಮರುದಿನವೇ ಪಟ್ಟಕ್ಕೆ ಕುಳಿತನು, ಮತ್ತೆ ಆಟಕ್ಕೆ ಬರಲಿಲ್ಲ. ಪಲ್ಲಕ್ಕಿ ಬಂದ ದಿನ ಸಂಜೆ ಗಾದ್ರಪ್ಪ, ‘ಬೋಸಯ್ಯಂಗೆ ಜಂಪಣ್ಣನಿಂದ ಸರದಿ ಬಾಕಿ’ ಎಂದು ಕೂಗಿದನು. ಮರುದಿನವೂ ಕೂಗಿದನು. ವರ್ಷಗಳು ಉರುಳಿದರೂ ಬಿಡಲಿಲ್ಲ. ಮೊದಮೊದಲು ಊರವರು ನಕ್ಕರು, ಆಮೇಲೆ ಕೋಳಿ ಕೂಗಿದಷ್ಟೇ ಮಾಮೂಲಾಯಿತು. ಮೀಸೆ ಬಂದ ಬೋಸಯ್ಯನೇ ನಾಚಿಕೊಂಡು, ಇನ್ನಾದರೂ ಸಾಕುಮಾಡೆಂದು ಅಪ್ಪನನ್ನು ಬೇಡಿಕೊಂಡನಂತೆ. ತೀರದ ಬಾಕಿಯನ್ನು ತೀರಿತೆನ್ನಲು ತನ್ನ ನಾಲಿಗೆ ಹೊರಳುವುದಿಲ್ಲ ಎಂದು ಗಾದ್ರಪ್ಪ ಹೇಳಿದನು.

ಮುಂದೆ ಬೋಸಯ್ಯ ಮದುವೆಯಾಗಿ, ನಾಯಕನ ದಂಡು ಸೇರಿದನು. ನೆರೆಯ ಪಾಳೆಯಪಟ್ಟಿನ ಮೇಲೆ ನಡೆದ ಒಂದು ಮುತ್ತಿಗೆಯಲ್ಲಿ ಅವನು ಸತ್ತನು, ಹೆಣವೂ ಊರಿಗೆ ಬರಲಿಲ್ಲ. ಸುದ್ದಿ ಬಂದ ದಿನ ಸಂಜೆ ಬಯಲಿನಲ್ಲಿ ಯಾರೂ ಆಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಗಾದ್ರಪ್ಪ ಬಂದು, ಎಂದಿನ ಜಾಗದಲ್ಲಿ ನಿಂತು, ಎಂದಿನ ಬಾಕಿಯನ್ನು ಕೂಗಿ ಮನೆಗೆ ಹೋದನು. ಸಾಕುಮಾಡು ಎಂದು ಹೇಳುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ.

ಮುತ್ತಿಗೆಯಲ್ಲಿ ಗೆದ್ದ ಜಂಪಣ್ಣ ನಾಯಕನಿಗೆ ಕುದುರೆಗಳು ಹೆಚ್ಚಾದವು, ಲಾಯ ಸಾಲದಾಯಿತು. ಕೋಟೆಗೆ ಹತ್ತಿರವಾಗಿ, ಸಮತಟ್ಟಾಗಿ, ಮರದ ನೆರಳೂ ಇದ್ದ ಜಾಗ ಇದೊಂದೇ. ಬಯಲನ್ನು ಬಿಡಿಸಿಕೊಳ್ಳಲು ಅಪ್ಪಣೆಯಾಯಿತು. ಗಾದ್ರಪ್ಪ ಪ್ರಧಾನಿಯ ಬಾಗಿಲಿಗೆ ಹೋಗಿ ಕೈಮುಗಿದನು. ಮಕ್ಕಳು ಆಡುವುದಕ್ಕೆ ಊರಿನ ಬೀದಿಗಳಿಲ್ಲವೇ ಎಂದು ಪ್ರಧಾನಿ ಕೇಳಿದನು. ಅವನು ಪರಸ್ಥಳದವನು, ಬಯಲಿನಲ್ಲಿ ಒಂದು ದಿನವೂ ಆಡಿದವನಲ್ಲ. ಗರಡಿಯವರು ಗೊಣಗಿದರು, ಹೆಂಗಸರು ಶಾಪ ಹಾಕಿದರು. ಆದರೆ ದೊರೆಯ ಮುಂದೆ ಹೋಗಿ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಗೊತ್ತುಮಾಡಿದ ದಿನ ಸಂಜೆ ನಾಯಕನೇ ಬಂದನು. ಮೊದಲ ಗೂಟವನ್ನು ಅವನ ಕೈಯಿಂದಲೇ ಹೊಡೆಸಬೇಕೆಂದು ಪ್ರಧಾನಿ ಮುಹೂರ್ತವಿಡಿಸಿದ್ದನು. ಗೋಧೂಳಿಯ ಲಗ್ನ, ಅಂದರೆ ಬಾಕಿ ಕೂಗುವ ಹೊತ್ತು. ಗಾದ್ರಪ್ಪನಿಗೆ ಅತ್ತ ದರಿ, ಇತ್ತ ಪುಲಿ. ಕೂಗಿದರೆ ತಲೆ ಹೋದೀತು, ಕೂಗದಿದ್ದರೆ ಬಯಲು ಹೋಗುತ್ತದೆ. ಅವನಿಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದೇಕೆ. ಆದರೆ ಅಷ್ಟು ವರ್ಷ ಕೂಗಿದ ಗಂಟಲು. ಪುರೋಹಿತರ ಮಂತ್ರ ಮುಗಿದು ನಾಯಕ ಕೊಡತಿ ಎತ್ತುವುದಕ್ಕೂ ‘ಬೋಸಯ್ಯಂಗೆ ಜಂಪಣ್ಣನಿಂದ ಸರದಿ ಬಾಕಿ’ ಎಂಬ ಕೂಗು ಏಳುವುದಕ್ಕೂ ಸರಿಹೋಯಿತು. ಪ್ರಧಾನಿ ಕತ್ತಿಯ ಹಿಡಿಗೆ ಕೈಹಾಕಿದನು. ಸುತ್ತ ನಿಂತಿದ್ದ ದಂಡಾಳುಗಳು ಮಾತ್ರ ಅಲುಗಲಿಲ್ಲ. ಅವರೆಲ್ಲ ಆ ಮಣ್ಣಿನಲ್ಲೇ ಉರುಳಾಡಿ ಬೆಳೆದವರು, ಬಾಕಿದಾರನು ಗೂಟ ಹೊಡೆಯುವುದೂ ಹೊಸ ಗುಳಿ ತೋಡಿದಷ್ಟೇ ತಪ್ಪೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಯಕನೂ ಅಲ್ಲೇ ಬೆಳೆದವನಲ್ಲವೇ? ಎತ್ತಿದ ಕೊಡತಿಯನ್ನು ಅವನು ಇಳಿಸಿದನು.

“ಕರಿ ಅವನ್ನ. ಕೊಟ್ಟು ತೀರಿಸಿಬಿಡ್ತೀನಿ. ಆಮೇಲೆ ಗೂಟ ಹೊಡೀತೀನಿ” ಎಂದನು.

“ಅವನು ಹೋದ ಸುಗ್ಗೀಲಿ ನಿಮ್ಮ ಕುದ್ರೆ ಹಿಂದೇನೇ ಹೋದ ಬುದ್ಧಿ” ಎಂದನು ಗಾದ್ರಪ್ಪ. “ಕುದ್ರೆ ಬಂತು.”

ದಂಡಿನಲ್ಲಿ ಸತ್ತವರು ಬಹಳ ಮಂದಿ, ಸತ್ತವರೆಲ್ಲರ ಹೆಸರು ದೊರೆಯ ತನಕ ಹೋಗುವುದಿಲ್ಲ. ನಾಯಕ ತಲೆಯ ರುಮಾಲನ್ನು ಬಿಚ್ಚಿ ಪ್ರಧಾನಿಯ ಕೈಗೆ ಕೊಟ್ಟು, ಹುಡುಗನಾಗಿದ್ದಾಗ ಆಡುತ್ತಿದ್ದ ಗುಳಿಯನ್ನು ಹುಡುಕಿಕೊಂಡು ಹೋಗಿ, ಅದರ ಎದುರಿಗೆ ಚಿನ್ನಿ ಕಾಯುವವನ ಜಾಗದಲ್ಲಿ ನಿಂತನು. ಮಗನ ಬದಲು ತಂದೆಯೇ ಹೊಡೆಯಲಿ, ತಾನು ಓಡಿ ಹೆಕ್ಕುತ್ತೇನೆ ಎಂದನು. ಯಾರೋ ಚಿನ್ನಿ, ದಾಂಡು ತಂದು ಗಾದ್ರಪ್ಪನ ಕೈಗಿಟ್ಟರು. ಒಂದು ಏಟು ಹೊಡೆದಿದ್ದರೆ ನ್ಯಾಯವಾಗಿ ಬಾಕಿ ತೀರುತ್ತಿತ್ತು, ನ್ಯಾಯವಾಗಿಯೇ ಬಯಲು ಲಾಯವಾಗುತ್ತಿತ್ತು. ಎದುರಿಗೆ ದೊರೆ ಬರಿದಲೆಯಲ್ಲಿ ಅಂಗೈಯೊಡ್ಡಿ ನಿಂತಿದ್ದಾನೆ. ಅವನನ್ನು ಕಂಡು ಗಾದ್ರಪ್ಪನಿಗೆ ಮರುಕವಾಯಿತು, ಸಿಟ್ಟೂ ಬಂತು. ಅವನು ದಾಂಡನ್ನು ಗುಳಿಯ ಮೇಲೆ ಅಡ್ಡಲಾಗಿ ಇಟ್ಟನು.

“ನಾನು ಬಾಕಿ ಕೂಗೋನು ಬುದ್ಧಿ. ಈಸ್ಕೊಳ್ಳೋನು ಅವನು.”

ಕತ್ತಲಾಗುವ ತನಕ ನಾಯಕ ಅಲ್ಲೇ ನಿಂತಿದ್ದನು ಎನ್ನುತ್ತಾರೆ. ಮುತ್ತಿಗೆಯಲ್ಲಿ ಸತ್ತವರ ಹೆಸರುಗಳನ್ನೆಲ್ಲ ಗಾದ್ರಪ್ಪನಿಂದ ಕೇಳಿ ತಿಳಿದನೆಂದು ಹೇಳುವವರೂ ಇದ್ದಾರೆ, ಒಂದು ಮಾತೂ ಆಡದೆ ಹೋದನೆಂದು ಹೇಳುವವರೂ ಇದ್ದಾರೆ. ಎರಡು ಕಡೆಯವರೂ ಒಪ್ಪುವುದು ಇಷ್ಟು: ಗೂಟಗಳು ಬಂದ ಗಾಡಿಯಲ್ಲೇ ಹಿಂದಿರುಗಿದವು. ಲಾಯವನ್ನು ಕೆರೆಯ ಹಿಂಭಾಗದ ಜವುಗಿನಲ್ಲಿ ಕಟ್ಟಿಸಿದರು. ಅಲ್ಲಿ ಕುದುರೆಗಳಿಗೆ ಗೊರಸು ಕೊಳೆಯುವ ರೋಗ ಬಂದು, ಪ್ರಧಾನಿ ಉಳಿದ ಆಯುಷ್ಯವನ್ನೆಲ್ಲ ಅದರ ಔಷಧಕ್ಕೆ ಅಲೆಯುವುದರಲ್ಲಿ ಕಳೆದನಂತೆ.

ಜಂಪಣ್ಣ ನಾಯಕ ಗಾದ್ರಪ್ಪನಿಗಿಂತ ಮೊದಲೇ ತೀರಿಹೋದನು. ಆಗ ಊರ ಹಿರಿಯರು ಸೇರಿ ಬಯಲುಗಾರನಲ್ಲಿಗೆ ಬಂದರು. ಕೊಡಬೇಕಾದವನೂ ಇಲ್ಲ, ಪಡೆಯಬೇಕಾದವನೂ ಇಲ್ಲ, ಬಯಲನ್ನು ಕೇಳುವವರೂ ಇನ್ನಿಲ್ಲ, ಇನ್ನಾದರೂ ಕೂಗುವುದನ್ನು ನಿಲ್ಲಿಸಬಹುದಲ್ಲ ಎಂದರು. ಗಾದ್ರಪ್ಪನಿಗೆ ಆಗ ಕಣ್ಣು ಮಂಜಾಗಿತ್ತು, ಗಂಟಲು ಮಾತ್ರ ಹಾಗೇ ಇತ್ತು.

“ಬಯಲು ಉಳೀಲಿ ಅಂತ ಕೂಗಿದ್ದು ಒಂದೇ ದಿನ ಕಣ್ರಪ್ಪ” ಎಂದನು. “ಮಿಕ್ಕಿದ್ದೆಲ್ಲ ನನ್ನ ಮಗನ ಹೆಸರು ಕೂಗಿದ್ದು. ಅದು ತೀರಿಬಿಟ್ರೆ, ಅವನ್ನ ಸಂಜೆ ಹೊತ್ತು ಯಾರು ಕರೀತಾರೆ?”

ಹಿರಿಯರು ಎದ್ದು ಹೋದರು, ಕೂಗು ನಿಲ್ಲಲಿಲ್ಲ. ಗಾದ್ರಪ್ಪನ ನಂತರ ಅವನ ಸೊಸೆ ಕೂಗಿದಳು, ಅವಳ ನಂತರ ಬಯಲಿಗೆ ಬಂದವರೆಲ್ಲ ಕೂಗಿದರು. ಪಾಳೆಯಪಟ್ಟು ಹೋಯಿತು, ಕೋಟೆ ಬಿತ್ತು, ಪುರಸಭೆ ಬಂತು. ಈಗ ಹೋದವರಿಗೆ ಉದ್ಯಾನದ ನಡುವೆ ಕಲ್ಲಿನ ಅಂಚು ಕಟ್ಟಿದ ಒಂದು ಗುಳಿ ಕಾಣುತ್ತದೆ. ಹುಡುಗರು ಅದನ್ನು ಬಿಟ್ಟು ಬೇರೆಡೆ ಆಡುತ್ತಾರೆ. ನಡಿಗೆಯ ಹಾದಿ ಹಾಕಿದ ಗುತ್ತಿಗೆದಾರನೂ ಅಲ್ಲಿ ಹಾದಿಯನ್ನು ತುಸು ಬಳಸಿ ತಂದಿದ್ದಾನೆ. ದೀಪ ಹತ್ತಿದ ಮೇಲೆ ಖಾಕಿ ಅಂಗಿಯ ಕಾವಲುಗಾರ ಸೀಟಿ ಊದಿ ಎಲ್ಲರನ್ನೂ ಹೊರಗೆ ಕಳಿಸುತ್ತಾನೆ, ಗೇಟಿನ ಬಳಿ ನಿಂತು ಅಂದಿನ ಬಾಕಿಗಳನ್ನು ಹೇಳುತ್ತಾನೆ. ಕೊನೆಯದನ್ನು ಅವನು ಹೇಳುವ ಮೊದಲೇ, ಸೈಕಲ್ ಹತ್ತುತ್ತಿರುವ ಮಕ್ಕಳು ಹಿಂದಿರುಗಿ ನೋಡದೆ ತಾವೇ ಕೂಗಿಬಿಡುತ್ತಾರೆ: ಬೋಸಯ್ಯಂಗೆ ಸರದಿ ಬಾಕಿ. ಆಮೇಲೆ ಅವನು ಗೇಟಿಗೆ ಬೀಗ ಹಾಕುತ್ತಾನೆ.