ಬಾಗಿನಕ್ಕೆ ಕಾದ ಗೇಟು

ಜಲಾಶಯ ತುಂಬಿತ್ತು. ಕೆಳಗಿನ ಹೊಳೆದಡದ ಬಿಲದಿಂದ ತಾಯಿ ನೀರುನಾಯಿ ಬಂದು ಅಣೆಕಟ್ಟೆಯ ಗೇಟಿಗೆ ಕೈಮುಗಿಯಿತು.

“ಗೇಟಣ್ಣ, ಈಗಿನಿಂದಲೇ ಸ್ವಲ್ಪ ಸ್ವಲ್ಪ ನೀರು ಬಿಡು. ಒಮ್ಮೆಗೇ ಬಿಟ್ಟರೆ ಬಿಲ ಮುಳುಗುತ್ತದೆ. ಮರಿಗಳಿಗೆ ಇನ್ನೂ ಈಜು ಬಾರದು.”

“ಮಂತ್ರಿಗಳು ಬಾಗಿನ ಅರ್ಪಿಸುವವರೆಗೆ ನೀರಿನ ಮಟ್ಟ ಇಳಿಯುವಂತಿಲ್ಲ,” ಎಂದಿತು ಗೇಟು. “ಫೋಟೋ ಚೆನ್ನಾಗಿ ಬರುವುದಿಲ್ಲ.”

ಮಂತ್ರಿಗಳಿಗಿಂತ ಮೊದಲು ಭಾರೀ ಮಳೆ ಬಂತು. ಹೆದರಿದ ಗೇಟು ಪೂರ್ತಿ ತೆರೆದುಕೊಂಡಿತು. ಜಲಾಶಯ ಅರ್ಧ ಖಾಲಿಯಾದ ಮೇಲೆ ನೋಡಿದರೆ, ಅಣೆಕಟ್ಟೆಯ ಮೇಲಿನ ಶಾಮಿಯಾನದಲ್ಲಿ, ಮಂತ್ರಿಗಳ ಸೋಫಾದಲ್ಲಿ, ನೀರುನಾಯಿ ಮರಿಗಳ ಸಮೇತ ಮಲಗಿತ್ತು.

“ಏಳಮ್ಮ, ಅದು ಗಣ್ಯರ ಜಾಗ!” ಎಂದಿತು ಗೇಟು.

“ಅವರು ಬಂದ ಕೂಡಲೇ ಏಳುತ್ತೇನೆ, ಅಣ್ಣ. ಬರುವುದು ಜಲಾಶಯ ಮತ್ತೆ ತುಂಬಿದ ಮೇಲಲ್ಲವೇ? ಅಷ್ಟರಲ್ಲಿ ಮರಿಗಳು ಈಜು ಕಲಿತಿರುತ್ತವೆ.”