ಮೇಣ ಹಚ್ಚದ ತಿರುಪು

"ಗುರುಗಳೇ, ಯಾವುದೂ ತಾಗದ ಮನಸ್ಸನ್ನು ಪಡೆಯುವುದು ಹೇಗೆ?" ಎಂದು ಕಪನಯ್ಯ ಕೇಳಿದ.

ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಈಚೆಗೆ ಯಾರ ಮಾತೂ ಅವನನ್ನು ನೋಯಿಸುತ್ತಿರಲಿಲ್ಲ. ಅಡುಗೆಯವರು ಬೈದರೆ ಮುಗುಳ್ನಗುತ್ತಿದ್ದ. ಜೊತೆಯವರಲ್ಲಿ ಯಾರಾದರೂ ಅತ್ತರೆ ಎದ್ದು ಬೇರೆ ಕಡೆ ಹೋಗಿ ಕೂರುತ್ತಿದ್ದ. ಮುಕ್ಕಾಲು ದಾರಿ ಬಂದಾಯಿತು, ಉಳಿದ ಕಾಲು ಭಾಗವನ್ನು ಗುರುಗಳು ತೋರಿಸಿಬಿಟ್ಟರೆ ಸಾಕು ಎಂಬ ಹುಮ್ಮಸ್ಸು ಅವನ ಮುಖದಲ್ಲಿ ಕಾಣುತ್ತಿತ್ತು.

ಜಗಲಿಯ ಮೇಲೆ ಇನ್ನೂ ನಾಲ್ಕೈದು ಮಂದಿ ಶಿಷ್ಯರಿದ್ದರು. ಗುರುಗಳು ಎಲ್ಲರನ್ನೂ ಹತ್ತಿರ ಕರೆದರು. ಕಪನಯ್ಯನನ್ನು ಎದುರಿಗೇ ಕೂರಿಸಿಕೊಂಡರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಲೇಪಗಾರನಿದ್ದ. ಲೋಹದ ಮೇಲೆ ಲೋಹದ ಪದರ ಕೂರಿಸುವುದು ಅವನ ಕಸುಬು. ಪೇಟೆಯವರು ಅದನ್ನು ಪ್ಲೇಟಿಂಗ್ ಎನ್ನುತ್ತಾರೆ. ಚಿನ್ನದ ಮುಲಾಮು, ಬೆಳ್ಳಿಯ ಮುಲಾಮು ಹಾಕುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಇವನ ವಿದ್ಯೆ ಬೇರೆ. ಇವನ ಲೇಪಕ್ಕೆ ಹೊಳಪಿರಲಿಲ್ಲ. ಅದರ ಗುಣವೆಲ್ಲ ಜಾರುವುದರಲ್ಲಿತ್ತು.

ಅವನ ಶೆಡ್ಡಿನಲ್ಲಿ ಒಂದು ದೊಡ್ಡ ಬಾನಿ. ಬಾನಿಯ ತುಂಬ ನಿಕ್ಕಲ್ ಕರಗಿದ ಹಸಿರು ನೀರು. ಆ ನೀರಿಗೆ ಗ್ರಾಫೈಟ್ ಪುಡಿ, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುತ್ತದಲ್ಲ ಆ ಕರಿ ಪುಡಿ, ಹಾಕಿ ಕದಡುತ್ತಲೇ ಇರಬೇಕು. ಕಬ್ಬಿಣದ ಸಾಮಾನನ್ನು ಆಮ್ಲದಲ್ಲಿ ತೊಳೆದು, ತಾಮ್ರದ ತಂತಿಗೆ ಕಟ್ಟಿ, ಬಾನಿಯಲ್ಲಿ ಇಳಿಬಿಟ್ಟು ಕರೆಂಟು ಹರಿಸುತ್ತಾರೆ. ನಿಕ್ಕಲ್ ಅದರ ಮೈಮೇಲೆ ಮೆಲ್ಲಗೆ ಬಂದು ಕೂರುತ್ತದೆ. ಕೂರುವಾಗ ಸುತ್ತಲಿನ ಕರಿ ಪುಡಿಯನ್ನೂ ಜೊತೆಗೆ ಹಿಡಿದುಕೊಳ್ಳುತ್ತದೆ. ಹೊರಗೆ ತೆಗೆದಾಗ ಕಬ್ಬಿಣ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಆಮೇಲೆ ಅದಕ್ಕೆ ಎಣ್ಣೆ ಬೇಡ, ಗ್ರೀಸು ಬೇಡ. ಒಂದಕ್ಕೊಂದು ಉಜ್ಜಿದರೂ ಉಜ್ಜಿದ್ದು ತಿಳಿಯುವುದಿಲ್ಲ.

ಎಣ್ಣೆ ಮುಟ್ಟಿಸಲಾಗದ ಕೆಲಸದವರೆಲ್ಲ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ರೇಷ್ಮೆ ಮಗ್ಗದಲ್ಲಿ ಒಂದು ಹನಿ ಎಣ್ಣೆ ಬಿದ್ದರೆ ಸೀರೆ ಕೆಡುತ್ತದೆ. ಹಿಟ್ಟಿನ ಗಿರಣಿಯಲ್ಲಿ ಬಿದ್ದರೆ ಹಿಟ್ಟು ಕೆಡುತ್ತದೆ. ಅಂಥವರಿಗೆ ಲೇಪಗಾರ ದೇವರ ಸಮಾನ. ಅವನಿಗೂ ಅದು ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಶೆಡ್ಡಿನಲ್ಲಿ ಅವನ ಜೊತೆ ಒಬ್ಬ ಮುದುಕಿ ಕೆಲಸ ಮಾಡುತ್ತಿದ್ದಳು. ಮೇಣ ಹಚ್ಚುವುದು ಅವಳ ಪಾಲಿನ ಕೆಲಸ. ಸಾಮಾನು ಬಾನಿಗೆ ಇಳಿಯುವ ಮುಂಚೆ, ಲೇಪ ಹತ್ತಬಾರದ ಜಾಗಕ್ಕೆಲ್ಲ ಬಿಸಿ ಮೇಣ ಬಳಿಯಬೇಕು. ಮೇಣವಿದ್ದ ಕಡೆ ಲೇಪ ಕೂರುವುದಿಲ್ಲ. ಎಲ್ಲಿ ಜಾರಬೇಕು ಎಂಬುದನ್ನು ಗಿರಾಕಿ ಬಾಯಿಬಿಟ್ಟು ಹೇಳುತ್ತಾನೆ. ಎಲ್ಲಿ ಕಚ್ಚಿ ಹಿಡಿಯಬೇಕು ಎಂಬುದನ್ನು ಅವನು ಹೇಳುವುದಿಲ್ಲ, ಕೆಲಸದವರೇ ನೋಡಿ ತಿಳಿಯಬೇಕು. ಮುದುಕಿಗೆ ಅದು ತಿಳಿಯುತ್ತಿತ್ತು. ಆದರೂ ಹೆಸರು ಬಂದದ್ದು ಲೇಪಗಾರನಿಗೆ. ಮೇಣಕ್ಕೆ ಹೆಸರು ಬಂದದ್ದನ್ನು ನಾನಂತೂ ಕೇಳಿಲ್ಲ.

ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ ಲೇಪಗಾರನಿಗೆ ಒಂದು ಹೆಣ್ಣು ಮಗು ಹುಟ್ಟಿತು. ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟಿದರು. ತೊಲೆಯನ್ನು ತೂರಿ ಇಳಿದ ಒಂದು ಉದ್ದನೆಯ ಬೋಲ್ಟು. ಅದರ ಮೇಲ್ತುದಿ ಅಟ್ಟದಲ್ಲಿತ್ತು. ಅಲ್ಲಿ ಒಂದು ಗೇಣಿನಷ್ಟು ತಿರುಪು, ತಿರುಪಿಗೆ ಒಂದು ನಟ್ಟು. ಕೆಳತುದಿಯಲ್ಲಿ ಒಂದು ಬಳೆ. ಬಳೆಗೆ ಸರಪಳಿ, ಸರಪಳಿಗೆ ತೊಟ್ಟಿಲು. ಮಗುವಿನ ಭಾರವೆಲ್ಲ ಕಡೆಗೆ ಆ ಒಂದು ನಟ್ಟಿನ ಮೇಲೆ ನಿಂತಿತ್ತು.

ತೂಗಿದಾಗಲೆಲ್ಲ ತೊಟ್ಟಿಲು ಕಿರ್ರ್ ಎನ್ನುತ್ತಿತ್ತು. ಮಗು ಬೆಚ್ಚಿ ಏಳುತ್ತಿತ್ತು. ಎಣ್ಣೆ ಬಿಡೋಣವೆಂದರೆ ನೇರ ಕೆಳಗೆ ಮಗುವಿನ ಕಣ್ಣು. ಹೆಂಡತಿ ಬೇಡವೇ ಬೇಡ ಎಂದಳು. ಲೇಪಗಾರನಿಗೆ ನಗು ಬಂತು. ಊರಿನವರ ಮಗ್ಗಕ್ಕೆಲ್ಲ ಲೇಪ ಹಾಕುವವನು ಮಗಳ ತೊಟ್ಟಿಲಿಗೆ ಹಾಕಲಾರನೇ? ಬೋಲ್ಟು, ನಟ್ಟು, ಬಳೆ, ಸರಪಳಿ ಎಲ್ಲವನ್ನೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಶೆಡ್ಡಿಗೆ ಹೋದ.

ಮುದುಕಿ ಬೋಲ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಮೇಣದ ಕುಂಚ ಎತ್ತಿಕೊಂಡಳು.

"ಈ ತಿರುಪಿಗೆ ಮೇಣ ಹಚ್ಚಿಬಿಡ್ಲಾ ಅಣ್ಣ?"

"ಬೇಡಮ್ಮ. ಎಲ್ಲಾ ಕಡೆ ಕೂರಲಿ."

"ಕಚ್ಚಿ ಹಿಡ್ಕೊಳ್ಳೋ ಜಾಗ ಅಲ್ವಾ ಇದು?"

"ಕಿರ್ ಅನ್ನೋ ಜಾಗಾನೂ ಅದೇ. ನನ್ ಮಗಳ ತೊಟ್ಟಿಲಲ್ಲಿ ಒಂದು ಕೂದಲೆಳೆಯಷ್ಟು ಸದ್ದೂ ಇರಕೂಡದು."

ಮುದುಕಿ ಕುಂಚವನ್ನು ಕೆಳಗಿಟ್ಟಳು. ಮತ್ತೆ ಮಾತಾಡಲಿಲ್ಲ. ಅವಳು ಇನ್ನೊಂದು ಸಲ ಹೇಳಬೇಕಿತ್ತು ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ. ತಿಳಿದವರು ಒಂದು ಸಲ ಹೇಳಿ ಮುಖ ಊದಿಸಿಕೊಂಡು ಕೂತುಬಿಡುತ್ತಾರೆ.

ಲೇಪ ಚೆನ್ನಾಗಿ ಕೂತಿತು. ಲೇಪಗಾರ ಅಟ್ಟ ಹತ್ತಿ ನಟ್ಟನ್ನು ಬಿಗಿದ. ಬಿಗಿಯುವಾಗ ಸ್ಪ್ಯಾನರಿನಲ್ಲಿ ಕೈಗೆ ಯಾವ ಹಿಡಿತವೂ ತಿಳಿಯಲಿಲ್ಲ. ಎಷ್ಟು ನುಣುಪು ನೋಡು ಎಂದು ಅವನು ಖುಷಿಪಟ್ಟ.

ತೊಟ್ಟಿಲನ್ನು ಒಂದು ಸಲ ನೂಕಿದರೆ ಒಲೆಯ ಮೇಲಿನ ಅನ್ನ ಬೇಯುವವರೆಗೂ ತೂಗುತ್ತಿತ್ತು. ಸದ್ದೇ ಇಲ್ಲ. ಸರಪಳಿಯನ್ನು ಕೈಯಲ್ಲಿ ಎತ್ತಿ ಬಿಟ್ಟರೆ ಕೊಂಡಿಯ ಮೇಲೆ ಕೊಂಡಿ ಬಿದ್ದು ಗುಡ್ಡೆಯಾಗುತ್ತಿತ್ತು, ಒಂದು ಕಿಣಿ ಎಂಬ ಸ್ವರವೂ ಹೊರಡುತ್ತಿರಲಿಲ್ಲ. ಮಗು ಚೆನ್ನಾಗಿ ನಿದ್ದೆ ಮಾಡಿತು. ಅಕ್ಕಪಕ್ಕದ ಹೆಂಗಸರು ನೋಡಲು ಬಂದರು. ಮೊದಲು ಬೆರಗಾದರು. ಆಮೇಲೆ ಒಬ್ಬೊಬ್ಬರೇ ಕಾಫಿ ಅರ್ಧಕ್ಕೆ ಬಿಟ್ಟು ಎದ್ದರು. ಖಾಲಿ ತೊಟ್ಟಿಲನ್ನು ನಮ್ಮಲ್ಲಿ ಯಾರೂ ತೂಗುವುದಿಲ್ಲ. ಇದನ್ನು ಯಾರೂ ತೂಗಬೇಕಾಗಿಯೇ ಇರಲಿಲ್ಲ. ಮಗು ತಾಯಿಯ ಮಡಿಲಲ್ಲಿ ಹಾಲು ಕುಡಿಯುತ್ತಿದ್ದರೆ, ಎದುರಿಗೆ ಖಾಲಿ ತೊಟ್ಟಿಲು ಯಾರನ್ನೋ ಮಲಗಿಸಿಕೊಂಡಂತೆ ತನ್ನ ಪಾಡಿಗೆ ತಾನು ಆಡುತ್ತಿತ್ತು. ಹೆಂಡತಿ ಎದ್ದು ಅದನ್ನು ಹಿಡಿದು ನಿಲ್ಲಿಸುತ್ತಿದ್ದಳು. ಬಾಗಿಲಿನಿಂದ ಒಂದಿಷ್ಟು ಗಾಳಿ ಬಂದರೆ ಮತ್ತೆ ಶುರುವಾಗುತ್ತಿತ್ತು.

ಮೊದಲು ಅವಳು ಅಡುಗೆಮನೆಯಲ್ಲಿದ್ದರೂ ಮಗುವಿನ ಬಳಿಯೇ ಇರುತ್ತಿದ್ದಳು. ಕಿರ್ ಎಂದರೆ ಮಗ್ಗುಲು ಬದಲಿಸಿತು. ಎರಡು ಸಲ ಎಂದರೆ ಎಚ್ಚರವಾಯಿತು. ಈಗ ಏನೂ ತಿಳಿಯದು. ಐದು ನಿಮಿಷಕ್ಕೊಮ್ಮೆ ಬಂದು ಬಗ್ಗಿ ನೋಡುತ್ತಿದ್ದಳು, ಅಷ್ಟರಲ್ಲಿ ಹೆಂಚಿನ ಮೇಲೆ ರೊಟ್ಟಿ ಸೀದುಹೋಗುತ್ತಿತ್ತು.

ಲೇಪಗಾರನಿಗೆ ಮಾತ್ರ ಹಿಡಿಸಲಾರದ ಸಂತೋಷ. ಆ ಮೌನದ ರುಚಿ ಹತ್ತಿಬಿಟ್ಟಿತು. ಬಾಗಿಲ ಕೀಲುಗಳಿಗೆ ಲೇಪ ಹಾಕಿದ. ಅಗಣಿಗೆ ಹಾಕಿದ. ಬಾವಿಯ ರಾಟೆಗೆ ಹಾಕಿದ. ಆ ಮನೆಯಲ್ಲಿ ಯಾರು ಬಂದರು, ಯಾರು ಹೋದರು, ಯಾವ ಕೋಣೆಯ ಬಾಗಿಲು ತೆರೆಯಿತು ಎಂಬುದು ಯಾರಿಗೂ ತಿಳಿಯದಂತಾಯಿತು. ಹೆಂಡತಿ ತಿರುಗಿ ನೋಡಿದರೆ ಗಂಡ ಬೆನ್ನ ಹಿಂದೆಯೇ ನಿಂತಿರುತ್ತಿದ್ದ. ಊಟ ಮುಗಿಸಿ ಅವನು ಪಕ್ಕದ ಕೋಣೆಯಲ್ಲಿ ಕಣ್ಣು ತೆರೆದುಕೊಂಡೇ ಮಲಗಿ ಏನೂ ಕೇಳಿಸದಿರುವುದನ್ನು ಕೇಳುತ್ತಿದ್ದ. ಅವನ ಕಿವಿಗೆ ಏನೂ ಆಗಿರಲಿಲ್ಲ. ಕೇಳುವ ಅಭ್ಯಾಸ ತಪ್ಪುತ್ತಾ ಬಂದಿತ್ತು. ಊಟಕ್ಕೆ ಬನ್ನಿ ಎಂದು ಕರೆದರೆ ಬರುತ್ತಿರಲಿಲ್ಲ, ಹೆಂಡತಿ ಹೋಗಿ ಭುಜ ಅಲುಗಿಸಬೇಕಾಗುತ್ತಿತ್ತು.

ಒಂದು ಬೆಳಿಗ್ಗೆ ಅವಳು ಮಗುವನ್ನು ಮಲಗಿಸಲು ಹೋಗಿ ಹಾಗೆಯೇ ನಿಂತಳು. ತೊಟ್ಟಿಲ ಅಂಚು ಅವಳ ಸೊಂಟಕ್ಕೆ ಬರುತ್ತಿತ್ತು. ಈಗ ಎರಡು ಬೆರಳು ಕೆಳಗಿತ್ತು. ಮರುದಿನ ಮೂರು ಬೆರಳು.

"ರೀ, ತೊಟ್ಟಿಲು ಇಳೀತಾ ಇದೆ," ಎಂದಳು.

"ಮಗು ಬೆಳೀತಾ ಇದೆ ಕಣೇ. ಸರಪಳಿ ಜಗ್ಗಿರುತ್ತೆ," ಎಂದ ಅವನು.

ಆದರೂ ಕಸುಬಿನವನಲ್ಲವೇ, ಪರೀಕ್ಷೆ ಮಾಡದೆ ಬಿಡಲಿಲ್ಲ. ಕಬ್ಬಿಣದ ಕೆಲಸದವರು ಸಡಿಲವನ್ನು ಕಿವಿಯಿಂದ ಹುಡುಕುತ್ತಾರೆ. ಸಡಿಲಾದ ನಟ್ಟು ಗಡಗಡ ಎಂದು ತಾನೇ ಹೇಳಿಕೊಳ್ಳುತ್ತದೆ. ಅವನು ಸ್ಟೂಲಿನ ಮೇಲೆ ಹತ್ತಿ, ತೊಲೆಗೆ ಕಿವಿಯೊತ್ತಿ, ಕಾಲಿನಿಂದ ತೊಟ್ಟಿಲನ್ನು ನೂಕಿದ. ತುಂಬ ಹೊತ್ತು ಕೇಳಿದ. ಏನೂ ಕೇಳಿಸಲಿಲ್ಲ. "ಕಲ್ಲಿನ ಹಾಗೆ ಗಟ್ಟಿಯಾಗಿದೆ," ಎಂದು ಕೆಳಗಿಳಿದ. ಆ ಕಬ್ಬಿಣದ ಬಾಯಿ ಮುಚ್ಚಿಸಿದವನು ತಾನೇ ಎಂಬುದು ಅವನಿಗೆ ಹೊಳೆಯಲಿಲ್ಲ. ಅಟ್ಟ ಹತ್ತಿ ಕಣ್ಣಿಂದ ನೋಡುವುದಂತೂ ಅವನ ತಲೆಗೇ ಬರಲಿಲ್ಲ.

ಅಟ್ಟದ ಕತ್ತಲೆಯಲ್ಲಿ, ಯಾರ ಕೈಯೂ ಮುಟ್ಟದೆ, ಆ ನಟ್ಟು ತಿರುಗುತ್ತಿತ್ತು. ತೊಟ್ಟಿಲು ಒಂದು ಸಲ ತೂಗಿದರೆ ಒಂದು ಕೂದಲೆಳೆಯಷ್ಟು. ತಡೆಯಲು ಅದಕ್ಕೆ ಏನೂ ಇರಲಿಲ್ಲ.

ಹೆಂಡತಿ ಮಗುವನ್ನು ನೆಲದ ಮೇಲೆ ತನ್ನ ಪಕ್ಕ ಮಲಗಿಸಿಕೊಂಡಳು. ಗಂಡ ಮಾತಿಲ್ಲದೆ ಎತ್ತಿ ಮತ್ತೆ ತೊಟ್ಟಿಲಿಗೆ ಹಾಕಿದ. ಊರೆಲ್ಲ ನಂಬುವ ತನ್ನ ಕೈಕೆಲಸವನ್ನು ಹೆಂಡತಿ ನಂಬುವುದಿಲ್ಲವೆಂದು ಅವನಿಗೆ ನೋವಾಗಿತ್ತು. ಅವಳು ಜಗಳ ಮಾಡಲಿಲ್ಲ. ಒಲೆ ಆರಿಸಿದಳು. ತೊಟ್ಟಿಲ ಕೆಳಗೆ ಕಾಲು ಚಾಚಿ ಕೂತು, ಎರಡೂ ಅಂಗೈಗಳನ್ನು ಅದರ ತಳಕ್ಕೆ ಒತ್ತಿ ಹಿಡಿದಳು. ಕಿವಿಗೆ ತಿಳಿಯದ್ದು ಅಂಗೈಗೆ ತಿಳಿಯುತ್ತಿತ್ತು. ಪ್ರತಿ ಸಲ ತೂಗಿದಾಗಲೂ ತೊಟ್ಟಿಲು ಅವಳ ಕೈಯ ಮೇಲೆ ಇನ್ನಷ್ಟು ಭಾರವಾಗಿ ಕೂರುತ್ತಿತ್ತು. ಮೂರು ದಿನ ಹಾಗೆಯೇ ಕೂತಳು.

ನಾಲ್ಕನೆಯ ದಿನ ಮಧ್ಯಾಹ್ನ ಲೇಪಗಾರ ಪಕ್ಕದ ಕೋಣೆಯಲ್ಲಿ ಮಲಗಿದ್ದ. ನಿದ್ದೆ ಬಂದಿರಲಿಲ್ಲ. ನಡುವಿನ ಬಾಗಿಲು ತೆರೆದೇ ಇತ್ತು. ಮನೆ ಎಂದಿನಂತೆ ತಣ್ಣಗಿತ್ತು. ಬಾಯಾರಿಕೆಯಾಗಿ ಎದ್ದ. ನೀರು ಕುಡಿಯಲೆಂದು ನಡುಮನೆಗೆ ಬಂದ.

ತೊಲೆಯಲ್ಲಿ ಬೋಲ್ಟು ಇರಲಿಲ್ಲ, ಅದು ಇದ್ದಲ್ಲಿ ಒಂದು ತೂತಿತ್ತು. ಹೆಂಡತಿ ನೆಲದ ಮೇಲೆ ಕೂತಿದ್ದಳು. ತೊಟ್ಟಿಲು ಅವಳ ತೊಡೆಯ ಮೇಲಿತ್ತು. ಸರಪಳಿ ಅವಳ ಹೆಗಲಿನ ಮೇಲೂ ತಲೆಯ ಮೇಲೂ ಸುತ್ತಿಕೊಂಡು ಬಿದ್ದಿತ್ತು. ತಳಕ್ಕೆ ಆನಿಸಿದ್ದ ಅವಳ ಎರಡೂ ಮಣಿಕಟ್ಟುಗಳು ಮುರಿದು ಹಿಂದಕ್ಕೆ ಬಾಗಿದ್ದವು. ಮಗುವಿಗೆ ಏನೂ ಆಗಿರಲಿಲ್ಲ. ಅದರ ಬಾಯಿ ಅಗಲವಾಗಿ ತೆರೆದಿತ್ತು. ಅದು ಅಳುತ್ತಿದೆ ಎಂಬುದು ಅವನಿಗೆ ಕೂಡಲೇ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಬಹಳ ದೂರದಿಂದೆಂಬಂತೆ, ಅಳು ಕೇಳಿಸತೊಡಗಿತು.

"ಯಾಕೆ ಕೂಗಲಿಲ್ಲ?" ಎಂದ.

ಅವಳು ಮುಖವೆತ್ತಿದಳು. ಗಂಟಲು ಪೂರ್ತಿ ಕಟ್ಟಿಹೋಗಿತ್ತು.

"ಕೂಗಿದೆ," ಎಂದಳು. "ಆವಾಗಿಂದ ಕೂಗ್ತಾನೇ ಇದೀನಿ."

ಲೇಪಗಾರ ತಿರುಗಿ ನೋಡಿದ. ಹೊರಬಾಗಿಲಲ್ಲಿ ಜನ ತುಂಬಿಹೋಗಿದ್ದರು. ಆಚೆ ಬೀದಿಯವರೂ ಓಡಿ ಬಂದಿದ್ದರು. ಅವರೆಲ್ಲ ಅವನನ್ನೇ ನೋಡುತ್ತಿದ್ದರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಕಪನಯ್ಯನಿಗೆ ಕತೆ ಹಿಡಿಸಿತು. ತಾಯಿಯ ಮುರಿದ ಕೈಗಳ ಮಾತು ಬಂದಾಗಲೂ ತನ್ನ ಎದೆ ಎಲ್ಲೂ ಅಲುಗಲಿಲ್ಲವೆಂಬುದನ್ನು ಅವನು ಗಮನಿಸಿದ. ಒಳಗೊಳಗೇ ಸಂತೋಷವೂ ಆಯಿತು.

"ಆ ತಿರುಪಿಗೆ ಮೇಣ ಹಚ್ಚದ್ದು ಅವನ ತಪ್ಪು. ನಾನು ಎಚ್ಚರವಾಗಿರುತ್ತೇನೆ ಗುರುಗಳೇ," ಎಂದ.

ಜಗಲಿಯ ಮೇಲಿದ್ದ ಶಿಷ್ಯರೆಲ್ಲ ತನ್ನ ಮುಖವನ್ನೇ ನೋಡುತ್ತಿರುವುದು ಅವನ ಕಣ್ಣಿಗೆ ಬಿತ್ತು. ಒಬ್ಬನಂತೂ ಹೆದರಿದವನ ಹಾಗೆ ತುಸು ಹಿಂದೆ ಸರಿದು ಕೂತಿದ್ದ. ಯಾಕೆಂದು ಕಪನಯ್ಯನಿಗೆ ತಿಳಿಯಲಿಲ್ಲ. ಅವನು ಗುರುಗಳ ಕಡೆ ತಿರುಗಿದ.

"ಕತೆಯ ನಡುವೆ ನಿನ್ನ ಹೆಸರು ಹಿಡಿದು ಮೂರು ಸಲ ಕರೆದೆ, ಕಪನಯ್ಯ," ಎಂದರು ಗುರುಗಳು.