ಬಾಳವ್ವನ ಮುಂದಿನ ನುಡಿ

ಹೊಳೆದಂಡೆಯ ಮಠದಲ್ಲಿ ಬೀಸುವ ಪದವೊಂದನ್ನು ಬರೆದಿಡುವ ಕೆಲಸ ನಡೆದಿತ್ತು. ಸುತ್ತಲಿನ ಊರುಗಳ ಹೆಂಗಸರು ತಮಗೆ ನೆನಪಿದ್ದ ನುಡಿಗಳನ್ನು ಕೂಡಿಸಿ, ಒಬ್ಬರದನ್ನು ಒಬ್ಬರು ತಿದ್ದಿ, ಇಡೀ ಹಾಡಾಗಿಸಬೇಕು. ಅದಕ್ಕಾಗಿ ಶಿಷ್ಯ ಅಡವಯ್ಯ ಮಠದ ಕಂಪ್ಯೂಟರಿನಲ್ಲಿ ಒಂದು ಸರ್ವರ್ ಸಿದ್ಧಪಡಿಸಿದ್ದ.

ಯಾರೂ ಬರಲಿಲ್ಲ. ಅಡವಯ್ಯ ಮಠದ ಗುರುಗಳ ಮುಂದೆ ದೂರಿದ.

"ಅಜ್ಜಾರೇ, ಹೊಸ ಆ್ಯಪ್ ಹಾಕಿಕೊಟ್ಟೆ. ಪಾಸ್‌ವರ್ಡ್ ಹೇಳಿಕೊಟ್ಟೆ. ಆದರೂ ಒಳಗೆ ಬರುವುದಿಲ್ಲ. ಅವರಿಗೆ ಕಲಿಯುವ ಮನಸ್ಸಿಲ್ಲ."

"ಆಚೆ ದಂಡೆಯ ಬಾಳವ್ವ?" ಗುರುಗಳು ಕೇಳಿದರು.

"ಬಂದಿಲ್ಲ."

ಹಾಡಿನ ಕೊನೆಯ ಭಾಗ ಬಲ್ಲವಳು ಈಗ ಬಾಳವ್ವ ಒಬ್ಬಳೇ. ಜೊತೆಗೆ ಹಾಡುತ್ತಿದ್ದ ತಂಗಿ ಹೋದ ಸುಗ್ಗಿಯಲ್ಲಿ ತೀರಿಕೊಂಡಿದ್ದಳು. ಬಾಳವ್ವನ ಉಸಿರೂ ಈಚೆಗೆ ಸೋಲುತ್ತಿತ್ತು.

ದಾಸೋಹದ ಗಂಟೆ ಬಾರಿಸಿದರು. ಅಡವಯ್ಯ ಹೋಗಿ ನೋಡಿದರೆ ಊಟದ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ.

"ಯಾರು?" ಗುರುಗಳ ದನಿ.

"ನಾನು, ಅಡವಯ್ಯ."

"ಆ ಹೆಸರು ಇಲ್ಲಿ ನಡೆಯುವುದಿಲ್ಲ. ಹೊಸದೊಂದು ಇಟ್ಟುಕೊಂಡು ಬಾ. ಎಂಟಕ್ಷರ ಇರಲಿ, ಒಂದು ಅಂಕಿಯೂ ಇರಲಿ."

"ಅಜ್ಜಾರೇ, ಹಸಿವಾಗಿದೆ!"

"ಕಲಿಯುವ ಮನಸ್ಸಿಲ್ಲವೇನೋ?"

ಒಳಗೆ ಕೂತವರೆಲ್ಲ ನಕ್ಕರು. ಬಾಗಿಲು ತೆರೆಯಿತು.

ರೊಟ್ಟಿ ಮುರಿಯುತ್ತ ಅಡವಯ್ಯ ಕೇಳಿದ: "ಹಾಗಾದರೆ ಏನು ಮಾಡಲಿ?"

"ಆ ಹೆಂಗಸರು ದಿನಾ ಎಲ್ಲಿ ಮಾತಾಡುತ್ತಾರೆ?"

"ಫೋನಿನಲ್ಲಿ ಅವರದೊಂದು ಭಜನೆ ಗುಂಪಿದೆ. ಗುಂಡಿ ಒತ್ತಿ ಹಿಡಿದು ಹಾಡಿ ಕಳಿಸುತ್ತಾರೆ. ಅದರಲ್ಲಿ ಎಲ್ಲರೂ ಪಳಗಿದ್ದಾರೆ."

"ನಿನ್ನ ಸರ್ವರನ್ನು ಅಲ್ಲಿಗೆ ಕಳಿಸು. ಮೂಲೆಯಲ್ಲಿ ಕೂತು ಕೇಳಲಿ."

ಅಡವಯ್ಯ ಹಾಗೆಯೇ ಮಾಡಿದ. ಗುಂಪಿನಲ್ಲಿ ಹಾಡಿದ್ದು ತಾನಾಗಿ ಮಠದ ಪ್ರತಿಗೆ ಸೇರತೊಡಗಿತು. ಒಬ್ಬಳು ತಿದ್ದಿದ್ದು ಮರಳಿ ಎಲ್ಲರಿಗೂ ಮುಟ್ಟಿತು. ಹೆಂಗಸರು ಜಗಳಾಡಿದರು, ನಕ್ಕರು, ಹಾಡು ಬೆಳೆಯಿತು.

ಒಂದು ಮುಂಜಾನೆ ಬಾಳವ್ವನ ದನಿ ಬಂತು.

"ಅಡವಯ್ಯಾ, ನಿಮ್ಮ ಯಂತ್ರಕ್ಕ ಕಿವಿ ಅದಾವೇನೋ? ತಗೋ ಹಂಗಾರ."

ಒಂದು ನುಡಿ ಹಾಡಿದಳು. ಆಮೇಲೆ ಏನೂ ಬರಲಿಲ್ಲ.

ಬಿಸಿಲೇರಿತು. ಅಡವಯ್ಯ ತಂತಿಗಳನ್ನು ನೋಡಿದ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ, ಕೊನೆಗೆ ಗುರುಗಳ ಬಳಿ ಓಡಿಬಂದ.

"ಅಜ್ಜಾರೇ, ಎಲ್ಲ ಸರಿಯಾಗಿದೆ. ದಾರಿ ತೆರೆದೇ ಇದೆ. ಮುಂದಿನ ನುಡಿ ಮಾತ್ರ ಬರುತ್ತಿಲ್ಲ."

ಗುರುಗಳು ಫೋನನ್ನು ಅವನ ಕೈಗಿಟ್ಟರು.

"ಬೀಸುವ ಕಲ್ಲಿಗೆ ಇಬ್ಬರು ಕೂರುತ್ತಾರೆ. ಎದುರಿಗೆ ಕೂತವರು ಮರಳಿ ಸೊಲ್ಲೆತ್ತದೆ ಅವಳು ಹೇಗೆ ಮುಂದೆ ಹೋದಾಳು? ಹಾಡು, ಅಡವಯ್ಯ."